ಕಪ್ ಬಂತು, ಚಿನ್ನದ ಚಡ್ಡಿ ಬರಲಿಲ್ಲ

ಎರಡು ತಿಂಗಳ ಹಿಂದೆ ಈ ಅಂಕಣದಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಒಂದು ಪ್ರಶ್ನೆ ಬಂದಿತ್ತು. ನಾಲ್ಕು ಸಾಲು ಉತ್ತರ ಬರೆದಿದ್ದೆ. ನಾನಿರುವ ಕೊಲಂಬಸ್ ಊರಿನ ಓಹಾಯೋ ಸ್ಟೇಟ್ ಯೂನಿವರ್ಸಿಟಿ ತಂಡ 2024ರ ಸೀಸನ್ನಿನಲ್ಲಿ ಇಡೀ ದೇಶಕ್ಕೆ ಚಾಂಪಿಯನ್ ಆಯಿತು, ಆದರೂ ಇಲ್ಲಿನ ಜನರ ಹೊಟ್ಟೆಯೊಳಗೆ ಏನೋ ಒಂದು ಚುಚ್ಚುತ್ತಲೇ ಇದೆ ಎಂದು. ಅಷ್ಟಕ್ಕೇ ಪತ್ರಗಳ ರಾಶಿ. ಹಾಗಾಗಿ ಈ ಸಂಚಿಕೆಯಲ್ಲಿ ಪೂರ್ತಿ ಅದೇ. ಗ್ರೀನ್ ಕಾರ್ಡ್ ಬಗ್ಗೆ ಕೇಳಿದವರು, ವಿಮಾನದಲ್ಲಿ ಉಪ್ಪಿನಕಾಯಿ ತರಬಹುದಾ ಎಂದು ಕೇಳಿದವರು ಮುಂದಿನ ತಿಂಗಳ ತನಕ ತಡೆದುಕೊಳ್ಳಿ.

ಪ್ರಶ್ನೆ: ಎರಡು ಪಂದ್ಯ ಸೋತ ತಂಡ ಚಾಂಪಿಯನ್ ಆಗುವುದು ಯಾವ ಲೆಕ್ಕ ಸರ್? ತಮ್ಮ ಲೀಗನ್ನೇ ಅವರು ಗೆಲ್ಲಲಿಲ್ಲವಂತೆ.
— ನಿವೃತ್ತ ಗಣಿತ ಮೇಷ್ಟ್ರು, ಸಾಗರ

ಮೇಷ್ಟ್ರೇ, ಲೆಕ್ಕ ಸರಿಯಾಗೇ ಇದೆ. ಆ ವರ್ಷ ನಿಯಮ ಮಾತ್ರ ಹೊಸದು. 2023ರ ತನಕ ಕೊನೆಯಲ್ಲಿ ನಾಲ್ಕೇ ತಂಡಗಳಿಗೆ ಪ್ಲೇಆಫ್ ಇತ್ತು. 2024ರಲ್ಲಿ ಮೊದಲ ಸಲ ಅದನ್ನು ಹನ್ನೆರಡು ತಂಡಗಳಿಗೆ ಹಿಗ್ಗಿಸಿದರು. ಓಹಾಯೋ ಸ್ಟೇಟ್ ಇರುವುದು ಬಿಗ್ ಟೆನ್ ಎಂಬ ಲೀಗಿನಲ್ಲಿ. ಹೆಸರಲ್ಲಿ ಹತ್ತು, ಇರುವ ತಂಡ ಹದಿನೆಂಟು. ಗಣಿತದವರು ಅದನ್ನು ಮಾತ್ರ ಕೇಳಬೇಡಿ.

ಹನ್ನೆರಡು ಪಂದ್ಯಗಳಲ್ಲಿ ಹತ್ತು ಗೆದ್ದರು, ಎರಡು ಸೋತರು. ಅಕ್ಟೋಬರ್ 12ರಂದು ಆರೆಗನ್ ತಂಡದ ಮೈದಾನದಲ್ಲಿ 32-31. ಒಂದೇ ಅಂಕ! ನವೆಂಬರ್ 30ರಂದು ಮನೆಯಂಗಳದಲ್ಲೇ ಮಿಶಿಗನ್ ಎದುರು 13-10. ಈ ಎರಡನೆಯ ಸೋಲಿನಿಂದ ಲೀಗಿನ ಫೈನಲ್‌ಗೂ ಹೋಗಲಿಲ್ಲ. ಆದರೆ ಪ್ಲೇಆಫ್ ತಂಡಗಳನ್ನು ಆರಿಸುವ ಸಮಿತಿ ಇವರಿಗೆ ಎಂಟನೇ ಸ್ಥಾನ ಕೊಟ್ಟಿತು. ಹಳೇ ನಿಯಮವಾಗಿದ್ದರೆ ಡಿಸೆಂಬರ್ ತಿಂಗಳಲ್ಲಿ ಮನೆಯಲ್ಲಿ ಕೂತು ಟೀವಿ ನೋಡಬೇಕಿತ್ತು.

ಆಮೇಲೆ ಆಡಿದ ನಾಲ್ಕು ಪಂದ್ಯ ನೋಡಿ. ಡಿಸೆಂಬರ್ 21, ಟೆನೆಸ್ಸಿ ಮೇಲೆ 42-17. ಜನವರಿ 1, ಅದೇ ಆರೆಗನ್ ಮೇಲೆ 41-21. ಜನವರಿ 10, ಟೆಕ್ಸಸ್ ಮೇಲೆ 28-14. ಜನವರಿ 20, ಅಟ್ಲಾಂಟಾದಲ್ಲಿ ಫೈನಲ್, ನೋಟ್ರ್ ಡೇಮ್ ಮೇಲೆ 34-23. ಸಮಿತಿ 9, 1, 5, 7ನೇ ಸ್ಥಾನ ಕೊಟ್ಟಿದ್ದ ತಂಡಗಳಿವು. ಒಂದನ್ನೂ ಹತ್ತಕ್ಕಿಂತ ಕಡಿಮೆ ಅಂತರದಲ್ಲಿ ಗೆಲ್ಲಲಿಲ್ಲ. 2016ರ ಐಪಿಎಲ್‌ನಲ್ಲಿ ಮೂರನೇ ಸ್ಥಾನದ ಹೈದರಾಬಾದ್ ಎಲಿಮಿನೇಟರ್‌ನಿಂದ ಹತ್ತಿಕೊಂಡು ಬಂದು ಫೈನಲ್‌ನಲ್ಲಿ ನಮ್ಮ ಆರ್‌ಸಿಬಿಗೇ ನೀರು ಕುಡಿಸಲಿಲ್ಲವೇ? ಹಾಗೆ. ಅದನ್ನು ನುಂಗಿಕೊಂಡಿದ್ದೇವೆ ಎಂದ ಮೇಲೆ ಇದನ್ನೂ ಒಪ್ಪಬೇಕು.

ಪ್ರಶ್ನೆ: ನನಗೆ ಈ ಆಟದ ಗಂಧಗಾಳಿ ಗೊತ್ತಿಲ್ಲ ಅಂಕಲ್. ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವುದು ಬಿಟ್ಟರೆ ಏನಿದೆ? ಬೇಗ ಹೇಳಿ, ನನಗೆ ಪರೀಕ್ಷೆ ಇದೆ.
— ಪಿಯುಸಿ ವಿದ್ಯಾರ್ಥಿನಿ, ಧಾರವಾಡ

ಬೇಗ ಹೇಳ್ತೀನಿ ಪುಟ್ಟಿ. ಮೈದಾನ ನೂರು ಗಜ. ಒಂದು ಕಡೆ ಹನ್ನೊಂದು ಜನ. ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು. ಹೋಗದಿದ್ದರೆ ಚೆಂಡು ಎದುರಿನವರಿಗೆ. ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ಮೇಲೊಂದು ಒದ್ದರೆ ಇನ್ನೂ 1. ಗೆರೆ ದಾಟಲು ಆಗುವುದಿಲ್ಲ ಅನ್ನಿಸಿದರೆ ದೂರದಿಂದಲೇ ಕಂಬಗಳ ನಡುವೆ ಒದ್ದು 3 ಅಂಕ ತೆಗೆದುಕೊಳ್ಳಬಹುದು. ಹದಿನೈದು ನಿಮಿಷದ ನಾಲ್ಕು ಭಾಗ. ಎಲ್ಲ ಸೇರಿ ಒಂದು ಗಂಟೆಯ ಆಟ, ಮುಗಿಯಲು ಮೂರೂವರೆ ಗಂಟೆ. ಉಳಿದದ್ದು ಜಾಹೀರಾತು. ಚೆಂಡು ಎಸೆಯುವ ಮುಖ್ಯಸ್ಥನಿಗೆ ಕ್ವಾರ್ಟರ್‌ಬ್ಯಾಕ್ ಅಂತಾರೆ. ಇಷ್ಟು ಸಾಕು, ಹೋಗಿ ಓದಿಕೋ.

ಪ್ರಶ್ನೆ: ದೇಶದ ಕಪ್ ಗೆದ್ದ ಮೇಲೂ ಒಂದು ಪಂದ್ಯ ಸೋತದ್ದಕ್ಕೆ ಅಳುತ್ತಾರೆ ಎಂದು ಬರೆದಿದ್ದೀರಿ. ಸ್ವಲ್ಪ ಜಾಸ್ತಿ ಆಯ್ತು ಅನ್ನಿಸಲಿಲ್ವಾ ನಿಮಗೆ?
— ಬ್ಯಾಂಕ್ ಉದ್ಯೋಗಿ, ಜಯನಗರ, ಬೆಂಗಳೂರು

ಅನ್ನಿಸಲಿಲ್ಲ. ಮಿಶಿಗನ್ ಬಗ್ಗೆ ಇಲ್ಲಿ ಯಾವುದೂ ಜಾಸ್ತಿ ಅಲ್ಲ.

ಓಹಾಯೋ ಮತ್ತು ಮಿಶಿಗನ್ ಪಕ್ಕಪಕ್ಕದ ರಾಜ್ಯಗಳು. 1835ರಲ್ಲಿ ಟೊಲೀಡೊ ಎಂಬ ಊರು ಯಾರಿಗೆ ಸೇರಬೇಕು ಎಂದು ಎರಡೂ ಕಡೆಯವರು ಬಂದೂಕು ಹಿಡಿದು ಗಡಿಗೆ ಹೋಗಿದ್ದರು. ಬೆಳಗಾವಿ ವಿಷಯ ಗೊತ್ತಿರುವ ನಮಗೆ ಗಡಿ ಜಗಳ ಬಿಡಿಸಿ ಹೇಳಬೇಕಿಲ್ಲ. ಟೊಲೀಡೊ ಓಹಾಯೋಗೆ ಬಂತು. ಬದಲಿಗೆ ಮಿಶಿಗನ್‌ಗೆ ಉತ್ತರದಲ್ಲಿ ಒಂದು ದೊಡ್ಡ ಭೂಭಾಗ ಸಿಕ್ಕಿತು. ಈ ಎರಡು ಯೂನಿವರ್ಸಿಟಿಗಳ ಫುಟ್‌ಬಾಲ್ ಪಂದ್ಯ ಶುರುವಾದದ್ದು 1897ರಲ್ಲಿ. ಈಗ ಪ್ರತಿ ವರ್ಷ ನವೆಂಬರ್ ಕೊನೆಯ ಶನಿವಾರ. ಆ ವಾರ ಕ್ಯಾಂಪಸ್ಸಿನ ಬೋರ್ಡುಗಳಲ್ಲಿ ಮಿಶಿಗನ್ ಹೆಸರಿನ ಮೊದಲ ಅಕ್ಷರ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಕೆಂಪು ಪಟ್ಟಿಯ ಅಡ್ಡಗೀಟು. ನಮ್ಮ ಆಫೀಸಿನಲ್ಲಿ ಪುರುಷರ ಶೌಚಾಲಯದ ಬೋರ್ಡಿಗೂ ಅದೇ ಗತಿ. ಹೊಸಬರು ಬಾಗಿಲ ಮುಂದೆ ನಿಂತು ಯೋಚಿಸುತ್ತಾರೆ.

ಇನ್ನು ತಲೆಬರಹದ ಚಿನ್ನದ ಚಡ್ಡಿಯ ಕತೆ. 1934ರಲ್ಲಿ ಓಹಾಯೋ ಸ್ಟೇಟ್‌ಗೆ ಫ್ರಾನ್ಸಿಸ್ ಶ್ಮಿಟ್ ಎಂಬ ಹೊಸ ಕೋಚ್ ಬಂದರು. ಆಗ ಮಿಶಿಗನ್ ಎಂದರೆ ನಡುಕ. ‘ಅವರೂ ನಮ್ಮ ಹಾಗೇ ಒಂದೊಂದೇ ಕಾಲು ತೂರಿಸಿ ಪ್ಯಾಂಟು ಹಾಕಿಕೊಳ್ಳುವವರು ತಾನೇ’ ಎಂಬ ಅರ್ಥದ ಮಾತು ಹೇಳಿದರು. ಆ ವರ್ಷ 34-0 ಗೆಲುವು. ಮುಂದಿನ ಮೂರು ವರ್ಷವೂ ಮಿಶಿಗನ್‌ಗೆ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ. ಆಗಿನಿಂದ ಮಿಶಿಗನ್ ಮೇಲೆ ಗೆದ್ದ ವರ್ಷ ಪ್ರತಿ ಆಟಗಾರನಿಗೂ ಕೋಚಿಗೂ ಉಗುರಿನಷ್ಟು ಪುಟ್ಟ ಚಿನ್ನದ ಪದಕ ಕೊಡುತ್ತಾರೆ, ಆಟದ ಮೊಣಕಾಲುದ್ದದ ಚಡ್ಡಿಯ ಆಕಾರದ್ದು. ಬೆಲೆ ಲೆಕ್ಕ ಹಾಕಿದರೆ ನಮ್ಮೂರ ಮೂಗುತಿಗೂ ಸಾಲದು. ಆದರೆ ಅಂಗಡಿಯಲ್ಲಿ ಸಿಗುವುದಿಲ್ಲ, ಅಪ್ಪ ಕೊಡಿಸಲು ಆಗುವುದಿಲ್ಲ. ಗೆದ್ದೇ ತರಬೇಕು.

2021ರಲ್ಲಿ ಈ ತಂಡಕ್ಕೆ ಸೇರಿದ ಹುಡುಗರ ಒಂದು ಗುಂಪು ಇತ್ತು. ಜ್ಯಾಕ್ ಸಾಯರ್, ಜೆ.ಟಿ. ತುಇಮೊಲೊಆವ್, ಎಮೆಕಾ ಎಗ್ಬುಕಾ, ಟ್ರೆವಿಯನ್ ಹೆಂಡರ್ಸನ್, ಡಾನವನ್ ಜ್ಯಾಕ್ಸನ್, ಟೈಲೀಕ್ ವಿಲಿಯಮ್ಸ್. 2021ರಲ್ಲಿ ಸೋತರು, 2022ರಲ್ಲಿ ಸೋತರು, 2023ರಲ್ಲಿ ಸೋತರು. 2023 ಮುಗಿದಾಗ ಇವರು ವೃತ್ತಿಪರ ಲೀಗಿಗೆ ಹೋಗಿ ಕೋಟಿಗಟ್ಟಲೆ ಗಳಿಸಬಹುದಿತ್ತು. ಹೋಗಲಿಲ್ಲ. ಇನ್ನೊಂದು ವರ್ಷ ಕಾಲೇಜಿನಲ್ಲೇ ಉಳಿದರು. ಬಾಕಿ ಕೆಲಸ ಇದೆ ಎಂದರು. ಆ ಬಾಕಿ ಯಾವುದು ಎಂದು ಊರಲ್ಲಿ ಯಾರೂ ಕೇಳಬೇಕಿರಲಿಲ್ಲ.

2024ರ ಮಿಶಿಗನ್ ತಂಡ ಹಿಂದಿನ ವರ್ಷದ ಚಾಂಪಿಯನ್, ನಿಜ. ಆದರೆ ಆ ತಂಡದ ಕೋಚ್, ಕ್ವಾರ್ಟರ್‌ಬ್ಯಾಕ್ ಎಲ್ಲ ಹೋಗಿಬಿಟ್ಟಿದ್ದರು. ನವೆಂಬರ್ 30ಕ್ಕೆ ಬಂದಾಗ ಆರು ಗೆದ್ದು ಐದು ಸೋತಿದ್ದ ಸಾಧಾರಣ ತಂಡ. ಓಹಾಯೋ ಸ್ಟೇಟ್ ದೇಶಕ್ಕೆ ಎರಡನೆಯದು. ಒಂದು ಲಕ್ಷಕ್ಕೂ ಮೀರಿ ಜನ ಸ್ಟೇಡಿಯಂನಲ್ಲಿ. ಅರ್ಧ ಆಟಕ್ಕೆ 10-10. ಉಳಿದರ್ಧದಲ್ಲಿ ಓಹಾಯೋ ಸ್ಟೇಟ್ ಒಂದು ಅಂಕ ಗಳಿಸಲಿಲ್ಲ. ಒಂದೂ! ಕ್ವಾರ್ಟರ್‌ಬ್ಯಾಕ್ ವಿಲ್ ಹೊವರ್ಡ್ ಎರಡು ಸಲ ಚೆಂಡನ್ನು ಎದುರಾಳಿ ಕೈಗೆ ಎಸೆದ. ಒದ್ದು ತೆಗೆಯಬೇಕಿದ್ದ ಮೂರು ಮೂರು ಅಂಕ ಎರಡು ಸಲ ತಪ್ಪಿತು. ಮಿಶಿಗನ್ನಿನ ದೈತ್ಯರು ನಿಂತಿದ್ದ ನಟ್ಟನಡುವೆಯೇ ಮತ್ತೆ ಮತ್ತೆ ನುಗ್ಗಿದರು. ಪಕ್ಕದಲ್ಲಿ ದೇಶದ ಅತಿ ಒಳ್ಳೆಯ ಚೆಂಡು ಹಿಡಿಯುವವರು ಸುಮ್ನೆ ಓಡಾಡುತ್ತಿದ್ದರು. ನನಗೆ ಇವತ್ತಿಗೂ ಅರ್ಥವಾಗದ ಹಟ ಅದು. 45 ಸೆಕೆಂಡು ಉಳಿದಾಗ ಮಿಶಿಗನ್ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು. 13-10.

ಆಮೇಲೆ ಮಿಶಿಗನ್ ಹುಡುಗರು ತಮ್ಮ ಬಾವುಟ ತಂದು ಮೈದಾನದ ನಡುವೆ ಊರಲು ಹೋದರು. ಸಾಯರ್ ಅದನ್ನು ಕಿತ್ತುಕೊಂಡ. ಹೊಡೆದಾಟ, ಪೊಲೀಸರಿಂದ ಪೆಪ್ಪರ್ ಸ್ಪ್ರೇ. ಎರಡೂ ಯೂನಿವರ್ಸಿಟಿಗೆ ಲೀಗಿನಿಂದ ತಲಾ ಒಂದು ಲಕ್ಷ ಡಾಲರ್ ದಂಡ.

ಈಗ ಲೆಕ್ಕ ನೋಡಿ. ಈ ಹುಡುಗರು ಚಾಂಪಿಯನ್ ಉಂಗುರ ಹಾಕಿಕೊಂಡು ಕಾಲೇಜು ಬಿಟ್ಟರು. ಅವರಲ್ಲಿ ಒಬ್ಬನ ಹತ್ತಿರವೂ ಚಿನ್ನದ ಚಡ್ಡಿ ಇಲ್ಲ. ನಾಲ್ಕು ವರ್ಷ, ನಾಲ್ಕು ಸೋಲು. ನನ್ನ ಅಭಿಪ್ರಾಯ ಕೇಳಿದರೆ, ಕಪ್ಪೇ ದೊಡ್ಡದು, ಅನುಮಾನ ಬೇಡ. ಆದರೆ ಆ ಸೋಲನ್ನು ಕಪ್ ತೊಳೆಯಿತು ಎಂದು ಹೇಳುವವರ ಮಾತು ನಾನು ಒಪ್ಪುವುದಿಲ್ಲ. ಎರಡೂ ಬೇರೆ ಬೇರೆ ಖಾತೆ. ಒಂದರ ಜಮೆ ಇನ್ನೊಂದರ ಸಾಲಕ್ಕೆ ಹೋಗುವುದಿಲ್ಲ. ಬ್ಯಾಂಕಿನವರು ನೀವು, ನಿಮಗೆ ಗೊತ್ತಲ್ಲ.

ಪ್ರಶ್ನೆ: ನವೆಂಬರ್ 30ರಂದು ಅಷ್ಟು ಕೆಟ್ಟದಾಗಿ ಆಡಿದವರು ಮೂರು ವಾರದಲ್ಲಿ ಹುಲಿಗಳಾದದ್ದು ಹೇಗೆ? ನಮ್ಮ ಕಬಡ್ಡಿ ಹುಡುಗರಿಗೆ ಹೇಳಬೇಕು.
— ಪಿ.ಟಿ. ಮೇಷ್ಟ್ರು, ಹುಬ್ಬಳ್ಳಿ

ಮಂತ್ರ ಏನೂ ಇಲ್ಲ ಸರ್. ಸೋತ ಮೇಲೆ ತಂಡದವರೆಲ್ಲ ಒಟ್ಟಿಗೆ ಕೂತು, ಮುಚ್ಚುಮರೆ ಇಲ್ಲದೆ ಮಾತಾಡಿಕೊಂಡರಂತೆ. ಇದು ಅವರೇ ಆಮೇಲೆ ಹೇಳಿದ್ದು. ಆದರೆ ನಿಮ್ಮ ಹುಡುಗರಿಗೆ ನಾನು ಹೇಳುವುದಾದರೆ ಡಾನವನ್ ಜ್ಯಾಕ್ಸನ್ ಕತೆ ಹೇಳ್ತೀನಿ.

ಕ್ವಾರ್ಟರ್‌ಬ್ಯಾಕನ್ನು ಕಾಪಾಡಲು ಮುಂದೆ ಐದು ಜನ ಗೋಡೆ ಕಟ್ಟಿ ನಿಲ್ಲುತ್ತಾರೆ. ಅವರ ಹೆಸರು ಪೇಪರಿನಲ್ಲಿ ಬರುವುದು ತಪ್ಪು ಮಾಡಿದಾಗ ಮಾತ್ರ. ಅದರಲ್ಲಿ ಎಡತುದಿಯವನ ಕೆಲಸ ಅತಿ ಕಷ್ಟ. ಆರೆಗನ್ ಪಂದ್ಯದಲ್ಲಿ ಎಡತುದಿಯ ಜಾಶ್ ಸಿಮನ್ಸ್ ಮಂಡಿಗೆ ಪೆಟ್ಟಾಗಿ ಸೀಸನ್ನೇ ಮುಗಿಯಿತು. ಅವನ ಜಾಗಕ್ಕೆ ಬಂದವನಿಗೂ ಮುಂದಿನ ಪಂದ್ಯದಲ್ಲೇ ಪೆಟ್ಟು. ಆ ಪಂದ್ಯ ನೆಬ್ರಾಸ್ಕ ಮೇಲೆ, 21-17ಕ್ಕೆ ಹೇಗೋ ಬಚಾವಾದರು. ಮುಂದಿನ ವಾರ ಪೆನ್ ಸ್ಟೇಟ್, ಅದೂ ಅವರ ಊರಲ್ಲಿ. ಆಗ ಜ್ಯಾಕ್ಸನ್ ತನ್ನ ಸ್ಥಾನ ಬಿಟ್ಟು ಎಡತುದಿಗೆ ಹೋದ. ವೃತ್ತಿಪರ ತಂಡಗಳವರು ಕಣ್ಣಿಟ್ಟು ನೋಡುವ ವರ್ಷದಲ್ಲಿ, ಅಭ್ಯಾಸವೇ ಇಲ್ಲದ ಜಾಗ! ಗೆದ್ದರು, 20-13. ಆ ಪಂದ್ಯದಲ್ಲಿ ಪೆನ್ ಸ್ಟೇಟ್ ಗೆರೆಯಿಂದ ಮೂರೇ ಗಜ ದೂರದಲ್ಲಿ ನಾಲ್ಕು ಸಲ ಪ್ರಯತ್ನಿಸಿತು, ನಾಲ್ಕೂ ಸಲ ಓಹಾಯೋ ಸ್ಟೇಟ್ ತಡೆಯಿತು. ಇಂಡಿಯಾನ ಪಂದ್ಯಕ್ಕೆ ಮುಂಚೆ ಗೋಡೆಯ ನಡುವಿನವನೂ ಹಿಮ್ಮಡಿಯ ನರ ಹರಿದು ಹೊರಗೆ. ಮಿಶಿಗನ್ ದಿನ ಆ ಗೋಡೆ ಅಲ್ಲಾಡಿತು. ಪ್ಲೇಆಫ್ ಬರುವಷ್ಟರಲ್ಲಿ ಜೋಡಿಸಿಕೊಂಡರು. ನಡುವೆ ನುಗ್ಗುವ ಹಟ ಬಿಟ್ಟು ಚೆಂಡನ್ನು ದೂರ ಎಸೆಯಲು ಶುರು ಮಾಡಿದರು.

ಎಸೆದರೆ ಹಿಡಿಯಲು ಜೆರೆಮಾಯಾ ಸ್ಮಿತ್ ಇದ್ದ. ಕಾಲೇಜಿಗೆ ಸೇರಿ ಮೊದಲ ವರ್ಷದ ಹುಡುಗ. ಜನವರಿ 1ರಂದು ರೋಸ್ ಬೌಲ್ ಎಂಬ ಸ್ಟೇಡಿಯಂನಲ್ಲಿ ಆರೆಗನ್ ಎದುರು ಚೆಂಡು ಹಿಡಿದು ಒಟ್ಟು 187 ಗಜ ಗಳಿಸಿದ, ಎರಡು ಟಚ್‌ಡೌನ್. ಆ ದಿನ ಎರಡನೇ ಭಾಗದಲ್ಲೇ ಸ್ಕೋರು 34-0. ಅಕ್ಟೋಬರಿನಲ್ಲಿ ಒಂದು ಅಂಕದಿಂದ ಸೋಲಿಸಿದ್ದವರನ್ನು! ನಾನು ನೋಡಿದ ಆಟಗಳಲ್ಲಿ ಅದೇ ಅತಿ ಚಂದದ ಅರ್ಧ ಗಂಟೆ.

ಇನ್ನೊಂದು ಮಾತು ಕೋಚ್‌ಗಳಿಗೆ. ಮುಖ್ಯ ಕೋಚ್ ರಯನ್ ಡೇ ಹುಡುಗನಾಗಿದ್ದಾಗ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಕ್ವಾರ್ಟರ್‌ಬ್ಯಾಕ್. ಆಗ ಅವರಿಗೆ ಕಲಿಸಿದವರು ಚಿಪ್ ಕೆಲಿ. 2024ರಲ್ಲಿ ಕೆಲಿ ಲಾಸ್ ಏಂಜಲಿಸ್‌ನ ದೊಡ್ಡ ಯೂನಿವರ್ಸಿಟಿಯ ಮುಖ್ಯ ಕೋಚ್ ಹುದ್ದೆ ಬಿಟ್ಟು ಬಂದು ಶಿಷ್ಯನ ಕೈಕೆಳಗೆ ಕೆಲಸ ಮಾಡಿದರು. ನಮ್ಮ ಕಡೆ ಹೆಡ್‌ಮಾಸ್ಟರಾಗಿದ್ದವರು ಹಳೇ ವಿದ್ಯಾರ್ಥಿಯ ಕೈಕೆಳಗೆ ಸಹಶಿಕ್ಷಕರಾಗಿ ಹೋಗುತ್ತಾರಾ, ನೀವೇ ಹೇಳಿ.

ಪ್ರಶ್ನೆ: ಕಾಲೇಜು ಹುಡುಗರಿಗೆ ಕೋಟಿಗಟ್ಟಲೆ ದುಡ್ಡು ಕೊಡುತ್ತಾರಂತೆ, ಹೌದೇ? ಹಾಗಾದರೆ ಅದು ಕಾಲೇಜು ಆಟ ಹೇಗಾಯಿತು?
— ಅಡಿಕೆ ಬೆಳೆಗಾರರು, ಚನ್ನಗಿರಿ

ಹೌದು ಸ್ವಾಮಿ. 2021ರ ಜುಲೈವರೆಗೆ ಆಟಗಾರ ತನ್ನ ಹೆಸರು ಬಳಸಿಕೊಂಡು ಒಂದು ರೂಪಾಯಿ ದುಡಿಯುವಂತಿರಲಿಲ್ಲ. ಆಮೇಲೆ ಜಾಹೀರಾತು, ಪ್ರಾಯೋಜಕರ ದುಡ್ಡು ಪಡೆಯಬಹುದು ಎಂದಾಯಿತು. 2024ರ ಈ ತಂಡದ ಆಟಗಾರರಿಗೆ ಹೀಗೆ ಸಿಕ್ಕ ಹಣ ಸುಮಾರು 2 ಕೋಟಿ ಡಾಲರ್ ಎಂದು ಯೂನಿವರ್ಸಿಟಿಯ ಕ್ರೀಡಾ ನಿರ್ದೇಶಕರೇ ಹೇಳಿದ್ದರು. ನಮ್ಮ ಲೆಕ್ಕದಲ್ಲಿ 170 ಕೋಟಿ ರೂಪಾಯಿ. 2025ರ ಜುಲೈ 1ರಿಂದ ಯೂನಿವರ್ಸಿಟಿಗಳೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು. ಅದಕ್ಕೊಂದು ಮಿತಿ ಇದೆ, ಮೊದಲ ವರ್ಷ ಒಂದೊಂದು ಯೂನಿವರ್ಸಿಟಿಗೆ 2 ಕೋಟಿ 5 ಲಕ್ಷ ಡಾಲರ್. ಕಪ್ ಗೆದ್ದ ಮೇಲೆ ಕೋಚ್ ಡೇ ಅವರ ಸಂಬಳ ವರ್ಷಕ್ಕೆ ಸರಾಸರಿ 1 ಕೋಟಿ 25 ಲಕ್ಷ ಡಾಲರ್ ಆಯಿತು. ನೂರು ಕೋಟಿ ರೂಪಾಯಿ ಮೀರಿತು. ಅಡಿಕೆ ಕ್ವಿಂಟಾಲಿಗೆ ಎಷ್ಟು ಏರಿದರೂ ಇದರ ಹತ್ತಿರ ಬರುವುದಿಲ್ಲ ಬಿಡಿ.

ದುಡ್ಡಿನ ಜೊತೆ ಬಂದದ್ದು ವಲಸೆ. ಈಗ ಆಟಗಾರರು ಸುಲಭವಾಗಿ ಕಾಲೇಜು ಬದಲಿಸಬಹುದು. ಹೊವರ್ಡ್ ಬಂದದ್ದು ಕಾನ್ಸಸ್ ಸ್ಟೇಟ್‌ನಿಂದ. ಓಟಗಾರ ಕ್ವಿನ್‌ಶಾನ್ ಜಡ್ಕಿನ್ಸ್ ಮಿಸಿಸಿಪ್ಪಿಯಿಂದ. ಹಿಂದೆ ನಿಂತು ಕಾಯುವ ಕೇಲಬ್ ಡೌನ್ಸ್ ಅಲಬಾಮದಿಂದ. ದುಡ್ಡು ಕೊಟ್ಟು ಕೊಂಡ ಕಪ್ ಎಂದು ಬೇರೆ ಊರಿನವರು ಮೂದಲಿಸುತ್ತಾರೆ. ನನಗೆ ಆ ಮಾತು ಅರ್ಧ ಮಾತ್ರ ನಿಜ ಅನ್ನಿಸುತ್ತದೆ. ಬಂದವರಿಲ್ಲದೆ ಕಪ್ ಬರುತ್ತಿರಲಿಲ್ಲ, ಸರಿ. ಆದರೆ ಉಳಿದವರಿಲ್ಲದೆಯೂ ಬರುತ್ತಿರಲಿಲ್ಲ.

ದುಡ್ಡು ಕೊಡುವುದು ತಪ್ಪು ಎಂದು ನನಗೆ ಅನ್ನಿಸಿಲ್ಲ. ಲಕ್ಷ ಜನ ಟಿಕೆಟ್ ಕೊಂಡು ಬರುತ್ತಾರೆ, ಟೀವಿಯವರು ಸುರಿಯುತ್ತಾರೆ. ಮಂಡಿ ಹೋಗುವುದು ಮಾತ್ರ ಹುಡುಗನದು. ಅವನಿಗೆ ಒಂದು ಪಾಲು ಬೇಡವೇ?

ಪ್ರಶ್ನೆ: ಇಡೀ ಸೀಸನ್ನಿನಲ್ಲಿ ಒಂದೇ ಒಂದು ಕ್ಷಣ ಆರಿಸಿ ಅಂದರೆ ಯಾವುದು ಸರ್?
— ಇಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ಯೋಚನೆಯೇ ಬೇಡ. ಜನವರಿ 10, ಟೆಕ್ಸಸ್ ಮೇಲಿನ ಸೆಮಿಫೈನಲ್, ಸಾಯರ್.

ಓಹಾಯೋ ಸ್ಟೇಟ್ 21-14 ಮುಂದಿತ್ತು. ಟೆಕ್ಸಸ್‌ನವರು ಗೆರೆಯಿಂದ ಒಂದೇ ಗಜ ದೂರ ಬಂದರು. ನಾಲ್ಕು ಅವಕಾಶ ಕೈಯಲ್ಲಿ. ಸಮ ಆಗುವುದು ಖಂಡಿತ ಎಂದು ನಮ್ಮ ಗೆಳೆಯರ ಗುಂಪಿನಲ್ಲಿ ಒಬ್ಬರು ಎದ್ದು ಕಾಫಿ ಬಿಸಿ ಮಾಡಲು ಹೋದರು. ಎರಡನೇ ಯತ್ನದಲ್ಲಿ ಟೆಕ್ಸಸ್ ಚೆಂಡನ್ನು ಪಕ್ಕಕ್ಕೆ ಎಸೆದು ಓಡಲು ನೋಡಿತು. ಏಳು ಗಜ ಹಿಂದಕ್ಕೆ ಬಿದ್ದಿತು. ಮೂರನೆಯದೂ ವ್ಯರ್ಥ. ನಾಲ್ಕನೆಯದರಲ್ಲಿ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್ ಎಸೆಯಲು ಕೈ ಎತ್ತಿದ್ದ. ಸಾಯರ್ ಬಂದು ಹೊಡೆದ. ಚೆಂಡು ಮೇಲೆ ಚಿಮ್ಮಿತು. ಹೊಡೆದವನೇ ಹಿಡಿದ, 83 ಗಜ ಓಡಿದ. ಸಾಯರ್ ಓಡುವ ಆಟಗಾರನೇ ಅಲ್ಲ, ನೂರಿಪ್ಪತ್ತು ಕಿಲೋ ತೂಗುವ ತಡೆಗಾರ. ಆ ಓಟ ಮುಗಿಯುವುದರೊಳಗೆ ಕಾಫಿ ಉಕ್ಕಿತ್ತು.

ಇದರಲ್ಲಿ ಇನ್ನೊಂದು ಎಳೆ ಇದೆ. ಈ ಯೂವರ್ಸ್ 2021ರಲ್ಲಿ ಓಹಾಯೋ ಸ್ಟೇಟ್‌ನಲ್ಲೇ ಇದ್ದ. ಆಗ ಸಾಯರ್ ಜೊತೆ ಒಂದೇ ರೂಮಿನಲ್ಲಿದ್ದವನು. ಆಮೇಲೆ ಟೆಕ್ಸಸ್‌ಗೆ ಹೋದ. ಸಾಯರ್ ಪಕ್ಕದ ಪಿಕರಿಂಗ್ಟನ್‌ನ ಹುಡುಗ, ಎಲ್ಲಿಗೂ ಹೋಗಲಿಲ್ಲ. ಮಿಶಿಗನ್ ಬಾವುಟ ಕಿತ್ತುಕೊಂಡಾಗ ಬೈದ ಟೀವಿಯವರೇ ಆರು ವಾರದಲ್ಲಿ ಹೊತ್ತು ಮೆರೆಸಿದರು.

ಫೈನಲ್ ಬಗ್ಗೆಯೂ ಕೆಲವರು ಕೇಳಿದ್ದೀರಿ. ಒಂದೇ ಮಾತು. ಓಹಾಯೋ ಸ್ಟೇಟ್ 31-7 ಮುಂದಿತ್ತು, ನೋಟ್ರ್ ಡೇಮ್ ಅದನ್ನು 31-23ಕ್ಕೆ ತಂದು ನಿಲ್ಲಿಸಿತು. ಆಗ ಹನ್ನೊಂದು ಗಜ ಬೇಕಿದ್ದಾಗ ಹೊವರ್ಡ್ 56 ಗಜ ದೂರ ಒಯ್ಯುವ ಎಸೆತ ಎಸೆದ, ಸ್ಮಿತ್ ಹಿಡಿದ. ಕತೆ ಮುಗಿಯಿತು. ಕೊನೆಯ ಮೂರು ಅಂಕ ಒದ್ದವನು ಜೇಡನ್ ಫೀಲ್ಡಿಂಗ್. ಮಿಶಿಗನ್ ದಿನ ಎರಡು ತಪ್ಪಿಸಿ ಊರವರ ಬಾಯಿಗೆ ಬಿದ್ದ ಹುಡುಗ ಅವನೇ.

ಪ್ರಶ್ನೆ: ಒಂದೇ ಊರಲ್ಲಿ ಲಕ್ಷ ಜನ ಸೇರುತ್ತಾರೆ ಅಂತೀರಿ. ಚಿನ್ನಸ್ವಾಮಿ ದುರಂತ ಆದಮೇಲೆ ನನಗೆ ಗುಂಪು ಎಂದರೆ ಭಯ. ಅಲ್ಲಿ ಹೇಗೆ?
— ಗೃಹಿಣಿ, ರಾಜಾಜಿನಗರ, ಬೆಂಗಳೂರು

ಅಮ್ಮಾ, 2025ರ ಜೂನ್ 4ರ ಸುದ್ದಿ ನೋಡಿದ ದಿನ ನನಗೂ ಕೈಕಾಲು ಆಡಲಿಲ್ಲ. ಹನ್ನೊಂದು ಜೀವ.

ಇಲ್ಲಿನ ಓಹಾಯೋ ಸ್ಟೇಡಿಯಂ ನದಿ ದಂಡೆಯಲ್ಲಿದೆ. ಕುದುರೆ ಲಾಳದ ಆಕಾರ, 1922ರದು. 1,02,780 ಆಸನ. ಟಿಕೆಟ್ ಫೋನಿನಲ್ಲಿ, ಚೀಲ ಪಾರದರ್ಶಕ ಇರಬೇಕು, ಒಳಗಿರುವುದು ಹೊರಗೆ ಕಾಣಬೇಕು. ಜನ ಬೆಳಿಗ್ಗೆಯಿಂದಲೇ ಬಂದು ಪಾರ್ಕಿಂಗ್ ಜಾಗದಲ್ಲಿ ಒಲೆ ಹಚ್ಚಿ ಅಡುಗೆ ಮಾಡಿಕೊಂಡು ಕೂರುತ್ತಾರೆ. ಹಾಗಾಗಿ ಎಲ್ಲರೂ ಒಂದೇ ಹೊತ್ತಿಗೆ ಬಾಗಿಲಿಗೆ ಮುಗಿಬೀಳುವುದಿಲ್ಲ. ಆಟ ಮುಗಿದ ಮೇಲೆ ಪೊಲೀಸರು ಹೇಳಿದ ದಾರಿಯಲ್ಲೇ ಕಾರು ಹೋಗಬೇಕು, ನಿಮ್ಮ ಮನೆ ಯಾವ ಕಡೆ ಇದ್ದರೂ ಸರಿ.

ಆದರೆ ಇಲ್ಲಿನವರು ನಮಗಿಂತ ಜಾಣರು ಎಂದು ತಿಳಿಯಬೇಡಿ. ಕ್ಯಾಂಪಸ್ಸಿನಲ್ಲಿ ಮಿರರ್ ಲೇಕ್ ಎಂಬ ಪುಟ್ಟ ಕೊಳ ಇದೆ. ಮಿಶಿಗನ್ ವಾರದಲ್ಲಿ ರಾತ್ರಿ ಕೊರೆಯುವ ಚಳಿಯಲ್ಲಿ ಸಾವಿರಾರು ವಿದ್ಯಾರ್ಥಿಗಳು ಅದಕ್ಕೆ ಹಾರುವುದು ವರ್ಷಗಟ್ಟಲೆ ನಡೆದುಬಂದ ಮೋಜು. 2015ರಲ್ಲಿ ಒಬ್ಬ ವಿದ್ಯಾರ್ಥಿ ಸತ್ತ. ಆಮೇಲೆ ಯೂನಿವರ್ಸಿಟಿ ಅದನ್ನು ನಿಲ್ಲಿಸಿತು. ಒಂದು ಜೀವ ಹೋದ ಮೇಲೆ ಬುದ್ಧಿ ಬಂತು.

ಪ್ರಶ್ನೆ: ನಮ್ಮವರು ಅಲ್ಲಿ ಈ ಆಟ ನೋಡ್ತಾರಾ, ಇಲ್ಲಾ ಕ್ರಿಕೆಟ್ಟೇ ದೇವರಾ?
— ನಿಮ್ಮ ಹಳೇ ಓದುಗ, ದಾವಣಗೆರೆ

ಅಣ್ಣಾ, ಕ್ರಿಕೆಟ್ ದೇವರೇ. ಆದರೆ ಇದು ಗ್ರಾಮದೇವತೆ. ಊರಲ್ಲಿ ಇದ್ದ ಮೇಲೆ ಕೈ ಮುಗಿಯಲೇಬೇಕು.

ಯೂನಿವರ್ಸಿಟಿಗೆ ಓದಲು ಬರುವ ನಮ್ಮ ಹುಡುಗ ಹುಡುಗಿಯರು ಮೊದಲ ವರ್ಷ ಟಿಕೆಟ್ ಕೊಂಡು ಹೋಗಿ, ಆಟ ಅರ್ಥವಾಗದೆ ಬ್ಯಾಂಡ್ ನೋಡಿ ಬರುತ್ತಾರೆ. ಬ್ಯಾಂಡ್ ನೋಡಲೇಬೇಕಾದದ್ದು ಬಿಡಿ. ಹಿತ್ತಾಳೆ ವಾದ್ಯ ಮತ್ತು ಡ್ರಮ್ಮು ಮಾತ್ರ. ನಡೆಯುತ್ತಾ ನುಡಿಸುತ್ತಾ ಇಡೀ ಮೈದಾನದ ಮೇಲೆ ಓಹಾಯೋ ಎಂದು ಕೂಡಕ್ಷರದಲ್ಲಿ ಬರೆಯುತ್ತಾರೆ. 1936ರಿಂದ ಇದೆ. ಕೊನೆಗೆ ಸೌಸಫೋನ್ ಎಂಬ ದೊಡ್ಡ ಹಿತ್ತಾಳೆ ವಾದ್ಯ ಹೊತ್ತ ಹಿರಿಯ ವಿದ್ಯಾರ್ಥಿಯೊಬ್ಬ ಗತ್ತಿನಿಂದ ಹೆಜ್ಜೆ ಹಾಕಿ ಬಂದು ಒಂದು ಅಕ್ಷರದ ಮೇಲಿನ ಚುಕ್ಕಿಯಾಗಿ ನಿಲ್ಲುತ್ತಾನೆ, ಬಗ್ಗಿ ನಮಸ್ಕರಿಸುತ್ತಾನೆ. ಲಕ್ಷ ಜನ ಕೂಗುತ್ತಾರೆ. ಎರಡನೇ ವರ್ಷ ಅದೇ ಹುಡುಗರು ನನಗೇ ನಿಯಮ ಹೇಳಿಕೊಡುತ್ತಾರೆ.

ಇಲ್ಲಿ ಕನ್ನಡ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ನವೆಂಬರಿನ ಶನಿವಾರ ಹುಡುಕುವಾಗ ಮೊದಲು ತೆರೆಯುವುದು ಫುಟ್‌ಬಾಲ್ ವೇಳಾಪಟ್ಟಿ. ಪಂಚಾಂಗ ಆಮೇಲೆ. ಮನೆ ಆಟ ಇದ್ದರೆ ರಸ್ತೆ ಬಂದ್, ಹಾಲ್ ಅರ್ಧ ಖಾಲಿ. ಮಿಶಿಗನ್ ದಿನ ಇಟ್ಟರೆ ಭಾಷಣಕಾರರ ಮುಂದೆ ಅವರ ಮನೆಯವರು ಮಾತ್ರ ಇರುತ್ತಾರೆ.

ಬಕೈ ಎಂಬುದು ಇಲ್ಲಿನ ಒಂದು ಮರದ ಕಾಯಿ, ತಂಡದ ಹೆಸರೂ ಅದೇ. ಆ ಕಾಯಿಯ ಹಾಗೆ ಕಾಣುವ ಮಿಠಾಯಿ ಇಲ್ಲಿ ಮನೆಮನೆಯಲ್ಲಿ ಮಾಡುತ್ತಾರೆ. ಕಡಲೆಕಾಯಿ ಬೆಣ್ಣೆಯ ಉಂಡೆ ಕಟ್ಟಿ, ನೆತ್ತಿ ಬಿಟ್ಟು ಉಳಿದದ್ದನ್ನು ಚಾಕೊಲೇಟಿನಲ್ಲಿ ಅದ್ದುವುದು. ನಮ್ಮ ಮನೆಯವಳು ಬೆಲ್ಲ ಹಾಕಿ ಕುಟ್ಟಿದ ಕಡಲೆಕಾಯಿ ಉಂಡೆಯನ್ನೇ ಅದ್ದುತ್ತಾಳೆ. ಏಲಕ್ಕಿ ಇರುತ್ತದೆ. ಆಫೀಸಿಗೆ ತೆಗೆದುಕೊಂಡು ಹೋದರೆ ಹತ್ತು ನಿಮಿಷ ಉಳಿಯುವುದಿಲ್ಲ.

ಪ್ರಶ್ನೆ: ಆ ಹುಡುಗರೆಲ್ಲ ಈಗ ಎಲ್ಲಿ? ಮುಂದೆಯೂ ಗೆಲ್ತಾರಾ?
— ಆಟೋ ಚಾಲಕರು, ಮೈಸೂರು

2025ರ ಏಪ್ರಿಲ್‌ನಲ್ಲಿ ನಡೆದ ಆಯ್ಕೆಯಲ್ಲಿ ಈ ಒಂದೇ ತಂಡದಿಂದ ಹದಿನಾಲ್ಕು ಜನರನ್ನು ವೃತ್ತಿಪರ ತಂಡಗಳು ಕರೆದುಕೊಂಡವು. ಎಗ್ಬುಕಾ 19ನೆಯವನಾಗಿ ಟ್ಯಾಂಪಾಗೆ. ಜಾಗ ಬದಲಿಸಿದ ಜ್ಯಾಕ್ಸನ್ 24ನೆಯವನಾಗಿ ಮಿನೆಸೋಟಕ್ಕೆ. ಪೆಟ್ಟಾಗಿ ಕೂತಿದ್ದ ಸಿಮನ್ಸ್‌ನನ್ನೂ ಮೊದಲ ಸುತ್ತಿನಲ್ಲೇ ಕಾನ್ಸಸ್ ಸಿಟಿ ತೆಗೆದುಕೊಂಡಿತು. ಸಾಯರ್ ಮತ್ತು ಹೊವರ್ಡ್ ಇಬ್ಬರೂ ಪಿಟ್ಸ್‌ಬರ್ಗ್‌ಗೆ. ಗುರು ಕೆಲಿ ಕೂಡ ಲಾಸ್ ವೇಗಸ್‌ಗೆ ಹೊರಟರು. ರಕ್ಷಣೆ ಕಲಿಸುತ್ತಿದ್ದ ಜಿಮ್ ನೋಲ್ಸ್ ಎದುರಾಳಿ ಪೆನ್ ಸ್ಟೇಟ್‌ಗೇ ಹೋದರು. 2025ರ ಸೀಸನ್ನಿಗೆ ಸ್ಮಿತ್ ಮತ್ತು ಡೌನ್ಸ್ ಉಳಿದರು, ಅದೇ ಸಮಾಧಾನ.

ಗೆಲ್ತಾರಾ ಎಂದು ನಾನು ಜ್ಯೋತಿಷ್ಯ ಹೇಳುವುದಿಲ್ಲ.  2024ರ ಸೀಸನ್ ಮುಗಿದಾಗ ರಯನ್ ಡೇ 70 ಗೆದ್ದಿದ್ದರು, 10 ಸೋತಿದ್ದರು. ಆ ಹತ್ತರಲ್ಲಿ ನಾಲ್ಕು ಮಿಶಿಗನ್ ಎದುರು. ನವೆಂಬರ್ ಕೊನೆಗೆ ಪ್ರತಿ ವರ್ಷ ಮತ್ತೆ ಅವರ ಜೊತೆ ಆಟ. ಆ ಶನಿವಾರ ನನಗೆ ಫೋನ್ ಮಾಡಬೇಡಿ, ಎತ್ತುವುದಿಲ್ಲ.